ಕನ್ನಡಿಯ ಮುಂದಿನ ಶ್ವಾನ

ಮಾನವನು ಅರಿಯಬೇಕಾದ ವಸ್ತುಗಳು ಲೋಕದಲ್ಲಿ ಅನಂತವಾಗಿವೆ. ಆದರೆ ಅವೆಲ್ಲವನ್ನೂ ಅರಿಯುವ ತಾನು ಯಾರೆಂಬುದನ್ನು ಅರಿಯದೆ ಹೋದರೆ, ಮಿಕ್ಕ ಅರಿವೆಲ್ಲವೂ ತೂತುಬಿದ್ದ ಕೊಡಕ್ಕೆ ತುಂಬಿದ ನೀರಿನಂತೆ ಸೋರಿಹೋಗುವುದು. ಕಣ್ಣು ಊರನ್ನೆಲ್ಲ ಕಾಣುತ್ತದೆ. ತನ್ನನ್ನು ಮಾತ್ರ ಕಾಣಲಾರದು. ಅದು ತನ್ನನ್ನು ಕಾಣಬೇಕಾದರೆ ಎದುರಿಗೊಂದು ಕನ್ನಡಿ ಬೇಕು. ಕನ್ನಡಿಯಿದ್ದರೂ ಸಾಲದು, ಅದರಲ್ಲಿ ಕಂಡದ್ದು ತಾನೇ ಎಂಬ ಅರಿವು ಬೇಕು. ಕನ್ನಡಿ ದೊರೆತು ಅರಿವು ದೊರೆಯದವನ ಪಾಡು ಎಂತಹುದೆಂಬುದನ್ನು ಕಾಣಲು ಶಾಸ್ತ್ರಗ್ರಂಥಗಳನ್ನು ತಿರುವಿಹಾಕಬೇಕಾಗಿಲ್ಲ. ಮನೆಯ ಬಾಗಿಲಲ್ಲಿ ಮಲಗಿರುವ ನಾಯಿಯೇ ಅದನ್ನು ತೋರಿಸಿಕೊಡುತ್ತದೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಈ ಸೀಮೆಯ ನೆಲದಡಿಯಲ್ಲಿ ಸುಣ್ಣಕಲ್ಲಿನ ಪದರಗಳು ಹಾಸಿಕೊಂಡಿವೆ. ಈ ಕಲ್ಲನ್ನು ಹಾಳೆಹಾಳೆಯಾಗಿ ಎಬ್ಬಿಸಿ ತೆಗೆದ ಪರಸಿಗಳೇ ಶಹಾಬಾದ ಕಲ್ಲೆಂಬ ಹೆಸರಿನಿಂದ ದೇಶದ ಅನೇಕ ಊರುಗಳ ಮನೆ, ಮಠ, ನಿಲ್ದಾಣಗಳ ನೆಲವಾಗಿವೆ. ಕಲ್ಲು ತೆಗೆದು ಬಿಟ್ಟ ಗಣಿಯ ತಗ್ಗುಗಳಲ್ಲಿ ಮಳೆಗಾಲದ ನೀರು ನಿಂತು, ಗಾಳಿಯಿಲ್ಲದ ಹೊತ್ತಿನಲ್ಲಿ ಆಕಾಶವನ್ನೇ ಹೊತ್ತುಕೊಂಡಂತೆ ತೋರುತ್ತದೆ. ಇಂತಹ ನೀರಿನ ಅಂಚಿಗೆ ಬಾಯಾರಿದ ನಾಯಿಯೊಂದು ಬಂದು ಬಾಗಿದರೆ, ಕೆಳಗಿನಿಂದ ಇನ್ನೊಂದು ನಾಯಿ ಬಾಯಿ ಚಾಚಿ ಬರುತ್ತದೆ. ಮೊದಲು ನೋಡಿದ ನಾಯಿ ಕಿವಿ ನಿಮಿರಿಸುತ್ತದೆ, ಹಿಂದಕ್ಕೆ ಸರಿಯುತ್ತದೆ, ಗುರುಗುಟ್ಟುತ್ತದೆ. ಬಾಯಾರಿಕೆ ಹೆಚ್ಚಾದಾಗ ನಾಲಗೆ ನೀರಿಗೆ ತಾಗುತ್ತದೆ. ಅಲೆಯೆದ್ದು ಎದುರಾಳಿ ಮಾಯವಾಗುತ್ತದೆ. ಹಗೆಯೆಂದು ತೋರಿದುದು ಹಗೆಯಾಗಿರಲಿಲ್ಲ. ನೀರು ಮಾತ್ರ ನಿಜವಾಗಿತ್ತು.

ಮರಿನಾಯಿಯ ಮುಂದೆ ಮನೆಯ ದೊಡ್ಡ ಕನ್ನಡಿಯನ್ನು ಇಟ್ಟು ನೋಡಿದವರಿಗೆ ಅದರ ವರ್ತನೆಯ ಕ್ರಮ ತಿಳಿದಿರುತ್ತದೆ. ಮೊದಲಲ್ಲಿ ಅದು ಕನ್ನಡಿಯೊಳಗಿನ ಮರಿಯನ್ನು ಆಟಕ್ಕೆ ಕರೆಯುತ್ತದೆ. ಮುಂಗಾಲು ಚಾಚಿ ಬಾಗುತ್ತದೆ, ಬಾಲ ಅಲ್ಲಾಡಿಸುತ್ತದೆ. ಅದು ಕದಲಿದಂತೆಯೇ ಇದು ಕದಲುವುದನ್ನು ಕಂಡು ಬೊಗಳುತ್ತದೆ. ಮೂಗನ್ನು ಗಾಜಿಗೆ ಒತ್ತುತ್ತದೆ. ಒಮ್ಮೊಮ್ಮೆ ಆ ಇನ್ನೊಂದು ಪ್ರಾಣಿ ಎಲ್ಲಿ ಅಡಗಿದೆಯೆಂದು ಕನ್ನಡಿಯ ಹಿಂಬದಿಗೆ ಹೋಗಿ ಹುಡುಕುವುದೂ ಉಂಟು. ಅಲ್ಲಿ ಗೋಡೆಯಲ್ಲದೆ ಬೇರೇನೂ ಇಲ್ಲ. ಹೀಗೆ ಕೆಲವು ಹೊತ್ತು, ಕೆಲವು ದಿನ ಕಳೆದ ಮೇಲೆ ನಾಯಿಗೆ ಕನ್ನಡಿಯ ಮೇಲಿನ ಕುತೂಹಲ ಇಂಗಿಹೋಗುತ್ತದೆ. ವಾಸನೆಯಿಲ್ಲದ, ಶಬ್ದವಿಲ್ಲದ, ಮೈಬಿಸಿಯಿಲ್ಲದ ಆ ನೆರಳು ತನಗೆ ಲೆಕ್ಕವಲ್ಲವೆಂದು ಬಗೆದು ಅದರ ಎದುರಿನಲ್ಲಿಯೇ ಸುರುಳಿಸುತ್ತಿ ಮಲಗುತ್ತದೆ. ಕನ್ನಡಿಯಲ್ಲಿರುವುದು ತಾನೇ ಎಂದು ಅದಕ್ಕೆ ತಿಳಿಯಲಿಲ್ಲ. ಆದರೆ ಅಲ್ಲಿ ಕಚ್ಚಬೇಕಾದವರು ಯಾರೂ ಇಲ್ಲವೆಂಬುದು ತಿಳಿಯಿತು.

ಬಾಯಲ್ಲಿ ತುತ್ತು ಹಿಡಿದುಕೊಂಡು ಹೊಳೆ ದಾಟುವ ನಾಯಿ ನೀರಿನಲ್ಲಿ ತನ್ನ ನೆರಳನ್ನು ಕಂಡು, ಅದರ ಬಾಯಿಯ ತುತ್ತಿಗೂ ಆಸೆಪಟ್ಟು, ಇದ್ದುದನ್ನೂ ಕಳೆದುಕೊಂಡ ಕಥೆಯನ್ನು ಈಸೋಪನ ಹೆಸರಿನಲ್ಲಿ ಶಾಲೆಯ ಮಕ್ಕಳೆಲ್ಲರೂ ಓದಿರುತ್ತಾರೆ. ಕನ್ನಡಿಗಳಿಂದಲೇ ಕಟ್ಟಿದ ಮನೆಯನ್ನು ಹೊಕ್ಕ ನಾಯಿ ಎತ್ತ ನೋಡಿದರೂ ನಾಯಿಗಳನ್ನೇ ಕಂಡು, ಬೊಗಳಿ ಬೊಗಳಿ ಪ್ರಾಣಬಿಟ್ಟ ದೃಷ್ಟಾಂತವನ್ನು ವೇದಾಂತಿಗಳು ಹೇಳುತ್ತಾರೆ. ಎರಡು ಕಥೆಗಳಲ್ಲಿಯೂ ನಾಯಿ ಅವಿವೇಕದ ಗುರುತಾಗಿದೆ. ಆದರೆ ಈ ಕಥೆಗಳನ್ನು ಕೇಳಿ ನಗುವ ಮೊದಲು ನಾಯಿಯ ನಿಜಸ್ಥಿತಿಯನ್ನು ವಿಚಾರಿಸಿ ನೋಡುವುದು ನ್ಯಾಯ.

ಪ್ರಾಣಿಗಳ ಮನಸ್ಸನ್ನು ಪರೀಕ್ಷಿಸುವ ವಿಜ್ಞಾನಿಗಳು ಈ ವಿಷಯವನ್ನು ಬಹುಕಾಲ ಶೋಧಿಸಿದ್ದಾರೆ. ಅಮೆರಿಕದ ಗಾರ್ಡನ್ ಗ್ಯಾಲಪ್ ಎಂಬ ಮನಶ್ಶಾಸ್ತ್ರಜ್ಞರು 1970ರಲ್ಲಿ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಚಿಂಪಾಂಜಿಗಳಿಗೆ ಹಲವು ದಿನ ಕನ್ನಡಿಯ ಬಳಕೆ ಮಾಡಿಕೊಟ್ಟು, ಆಮೇಲೆ ಅವು ಮೈಮರೆತಿದ್ದಾಗ ಹುಬ್ಬಿಗೂ ಕಿವಿಗೂ ಕೆಂಪು ಬಣ್ಣದ ಗುರುತು ಹಚ್ಚಿದರು. ಎಚ್ಚತ್ತ ಚಿಂಪಾಂಜಿಗಳು ಕನ್ನಡಿಯಲ್ಲಿ ಗುರುತನ್ನು ಕಂಡು, ಕನ್ನಡಿಯನ್ನು ಮುಟ್ಟದೆ ತಮ್ಮ ಮುಖವನ್ನೇ ಮುಟ್ಟಿಕೊಂಡವು. ಮುಂದೆ 2001ರಲ್ಲಿ ಡಾಲ್ಫಿನ್ ಮೀನುಗಳೆಂದು ಜನ ಕರೆಯುವ ಕಡಲ ಪ್ರಾಣಿಗಳಲ್ಲಿಯೂ, 2006ರಲ್ಲಿ ನ್ಯೂಯಾರ್ಕಿನ ಮೃಗಾಲಯದ ಏಷ್ಯಾದ ಆನೆಯೊಂದರಲ್ಲಿಯೂ, 2008ರಲ್ಲಿ ಕಾಗೆಯ ಕುಲಕ್ಕೆ ಸೇರಿದ ಮ್ಯಾಗ್‌ಪೈ ಎಂಬ ಹಕ್ಕಿಯಲ್ಲಿಯೂ ಇಂತಹ ಶಕ್ತಿ ಕಂಡುಬಂದುದಾಗಿ ವರದಿಯಾಯಿತು. ಆದರೆ ಸಾವಿರಾರು ವರ್ಷಗಳಿಂದ ಮನುಷ್ಯನ ಒಲೆಯ ಬಳಿ ಬದುಕಿದ ನಾಯಿ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಕನ್ನಡಿಯ ನಾಯಿಯನ್ನು ಅದು ತಾನೆಂದು ಗುರುತಿಸಲಿಲ್ಲ.

ಹಾಗಾದರೆ ನಾಯಿಗೆ ತನ್ನ ಅರಿವೇ ಇಲ್ಲವೇ? ಇಲ್ಲಿಯೇ ವಿಚಾರವು ತಿರುವು ಪಡೆಯುವುದು. ನಾಯಿಯ ಲೋಕವು ಕಣ್ಣಿನ ಲೋಕವಲ್ಲ, ಮೂಗಿನ ಲೋಕ. ಅದರ ಕಣ್ಣಿಗೆ ನೀಲಿ, ಹಳದಿಗಳ ಭೇದವಲ್ಲದೆ ಕೆಂಪು, ಹಸುರುಗಳ ಭೇದ ಚೆನ್ನಾಗಿ ತೋರದು. ಆದರೆ ಅದರ ಘ್ರಾಣಶಕ್ತಿ ಮನುಷ್ಯನದಕ್ಕಿಂತ ಎಷ್ಟೋ ಪಾಲು ಮಿಗಿಲಾದುದು. ಮಾರ್ಕ್ ಬೆಕಾಫ್ ಎಂಬ ವಿದ್ವಾಂಸರು ಹಿಮ ಬೀಳುವ ತಮ್ಮ ನಾಡಿನಲ್ಲಿ ಐದು ಚಳಿಗಾಲಗಳ ಕಾಲ ಜೆತ್ರೋ ಎಂಬ ತಮ್ಮ ನಾಯಿಯನ್ನು ಗಮನಿಸಿದರು. ಅದರ ಮೂತ್ರ ಬಿದ್ದ ಹಿಮವನ್ನೂ ಬೇರೆ ನಾಯಿಗಳ ಮೂತ್ರ ಬಿದ್ದ ಹಿಮವನ್ನೂ ಸ್ಥಳದಿಂದ ಸ್ಥಳಕ್ಕೆ ಒಯ್ದಿಟ್ಟು ನೋಡಿದರೆ, ತನ್ನದನ್ನು ಅದು ಬೇಗನೆ ಬಿಟ್ಟು ಮುಂದೆ ಸಾಗುತ್ತಿತ್ತು. ಪರರದರ ಬಳಿ ಹೆಚ್ಚು ಹೊತ್ತು ನಿಲ್ಲುತ್ತಿತ್ತು. ಇದು 2001ರಲ್ಲಿ ಪ್ರಕಟವಾಯಿತು. 2017ರಲ್ಲಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ವಿದುಷಿಯು 36 ನಾಯಿಗಳನ್ನು ಪರೀಕ್ಷಿಸಿದಾಗ, ಅವು ತಮ್ಮ ಸಹಜವಾದ ವಾಸನೆಗಿಂತ, ಬೇರೊಂದು ವಾಸನೆ ಬೆರೆಸಿದ ತಮ್ಮದೇ ವಾಸನೆಯನ್ನು ಹೆಚ್ಚು ಹೊತ್ತು ಮೂಸಿದವು. ಮುಖದಲ್ಲಿ ಹೊಸ ಕಲೆ ಕಂಡಾಗ ಮನುಷ್ಯನು ಕನ್ನಡಿಯನ್ನು ಮತ್ತೆ ಮತ್ತೆ ನೋಡುವಂತೆಯೇ ಇದೂ. ತನ್ನದರಲ್ಲಿ ತನ್ನದಲ್ಲದ್ದು ಏನೋ ಸೇರಿತೆಂಬುದು ನಾಯಿಯ ಮೂಗಿಗೆ ಹೊಳೆಯಿತು.

ಇನ್ನೂ ಒಂದು ಪರೀಕ್ಷೆಯನ್ನು ಹಂಗೇರಿಯ ಬುಡಾಪೆಸ್ಟಿನ ವಿದ್ವಾಂಸರು 2021ರಲ್ಲಿ ಪ್ರಕಟಿಸಿದರು. ನಾಯಿಯನ್ನು ಒಂದು ಚಾಪೆಯ ಮೇಲೆ ನಿಲ್ಲಿಸಿ, ಆ ಚಾಪೆಗೇ ಕಟ್ಟಿದ ವಸ್ತುವನ್ನು ಎತ್ತಿಕೊಡೆಂದು ಒಡೆಯನು ಕೇಳಬೇಕು. ನಾಯಿ ಚಾಪೆಯ ಮೇಲಿರುವವರೆಗೆ ವಸ್ತು ಮೇಲೇಳದು. ಅಂತಹ ಸಂದರ್ಭದಲ್ಲಿ ನಾಯಿಗಳು ಚಾಪೆಯಿಂದ ಕೆಳಗಿಳಿದು ವಸ್ತುವನ್ನು ಕೊಟ್ಟವು. ವಸ್ತುವನ್ನು ನೆಲಕ್ಕೆ ಕಟ್ಟಿದ್ದಾಗ ಹಾಗೆ ಇಳಿಯುವುದು ಕಡಿಮೆಯಾಗಿತ್ತು. ಎಂದರೆ, ಅಡ್ಡಿಯಾಗಿರುವುದು ತನ್ನ ಮೈಯೇ ಎಂಬುದು ನಾಯಿಗೆ ತಿಳಿಯುತ್ತದೆ. ಈ ಮಾತಿನ ಮುಂದೆ ಸದ್ಭಕ್ತರು ಒಂದು ಕ್ಷಣ ನಿಲ್ಲಬೇಕು. ಸಂಸಾರದಲ್ಲಿ ಎಷ್ಟೋ ವಸ್ತುಗಳು ಮೇಲೇಳದಿರುವುದು ತಾನೇ ಅವುಗಳ ಮೇಲೆ ನಿಂತಿರುವುದರಿಂದ ಎಂಬುದನ್ನು ಎಷ್ಟು ಮಂದಿ ಗೃಹಸ್ಥರು ಕಂಡುಕೊಂಡಿದ್ದಾರೆ? ಮಗನಿಗೆ ಬುದ್ಧಿ ಬರಲಿಲ್ಲ, ಸೊಸೆಗೆ ಮರ್ಯಾದೆ ತಿಳಿಯದು, ತಮ್ಮನಿಗೆ ವಿಶ್ವಾಸವಿಲ್ಲ ಎಂದು ಚಾಪೆಯನ್ನು ಜಗ್ಗುವವರು ಬಹಳ. ಚಾಪೆಯಿಂದ ಕೆಳಗಿಳಿಯುವವರು ವಿರಳ.

ಆದುದರಿಂದ ನಾಯಿಯನ್ನು ಹೀನವೆಂದು ಬಗೆಯಲು ಕಾರಣವಿಲ್ಲ. ಬಸವಣ್ಣನವರು ಒಂದು ವಚನದಲ್ಲಿ ಪಲ್ಲಕ್ಕಿಯನ್ನೇರಿದ ನಾಯಿಯ ಉಪಮೆಯನ್ನು ತಂದಿದ್ದಾರೆ. ಎತ್ತರದ ಸ್ಥಾನ ದೊರೆತರೂ ಹಳೆಯ ಚಾಳಿಯನ್ನು ಬಿಡದ ಮನಸ್ಸಿಗೆ ಅದು ಹೋಲಿಕೆ. ಆದರೆ ಅವರು ಆ ಹೋಲಿಕೆಯನ್ನು ಯಾರಿಗೆ ಅನ್ವಯಿಸಿದರೆಂಬುದನ್ನು ಗಮನಿಸಬೇಕು. ನೆರೆಯವನಿಗಲ್ಲ, ವೈರಿಗಲ್ಲ, ಅನ್ಯಮತದವನಿಗಲ್ಲ. ವಿಷಯಗಳತ್ತ ಹರಿಯುವ ತಮ್ಮ ಮನಸ್ಸಿಗೆ. ಕಲಚುರಿ ಬಿಜ್ಜಳನ ಭಂಡಾರವನ್ನು ನೋಡಿಕೊಂಡ, ಕಲ್ಯಾಣದಲ್ಲಿ ಎತ್ತರದ ಪದವಿಯಲ್ಲಿದ್ದ ಪುರುಷರು ಪಲ್ಲಕ್ಕಿಯ ಮೇಲಿನ ನಾಯಿಯನ್ನು ತಮ್ಮೊಳಗೇ ಕಂಡರು. ಈ ಕಾಲದವನು ಅದೇ ವಚನವನ್ನು ಓದಿ, ಇದು ಆ ಊರಿನ ಧಣಿಗೆ ಸರಿಯಾಗಿ ಹೊಂದುತ್ತದೆ ಎಂದು ನಗುತ್ತಾನೆ. ಒಂದೇ ಕನ್ನಡಿ, ಒಬ್ಬರು ತಮ್ಮನ್ನು ಕಂಡರು, ಇನ್ನೊಬ್ಬನು ಪರರನ್ನು ಕಂಡನು.

ಅಕ್ಕಸಾಲೆಯ ಕಾಯಕದ ಹಾವಿನಹಾಳ ಕಲ್ಲಯ್ಯನವರು, ಕುಲವನ್ನೆತ್ತಿ ತಮ್ಮನ್ನು ಹಳಿದವರ ಎದುರಿನಲ್ಲಿ ನಾಯಿಯ ಬಾಯಿಂದ ವೇದವನ್ನು ಓದಿಸಿದರೆಂಬ ಕಥೆ ಶರಣರ ಪುರಾಣಗಳಲ್ಲಿ ಬರುತ್ತದೆ. ಈ ಕಥೆಯ ತಾತ್ಪರ್ಯವು ಪವಾಡದಲ್ಲಿಲ್ಲ. ಬಾಯಿಪಾಠದ ವಿದ್ಯೆ ನಾಯಿಯ ನಾಲಗೆಗೂ ಬರಬಲ್ಲುದಾದರೆ ಅದರಿಂದ ಉಬ್ಬುವ ಮನುಷ್ಯನ ಹಿರಿಮೆ ಏನು ಎಂಬುದೇ ಅದರ ಪ್ರಶ್ನೆ. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದಲ್ಲಿ, 11ನೆಯ ಶತಮಾನದಲ್ಲಿ, ಘಟಿಕಾಸ್ಥಾನವೆಂಬ ದೊಡ್ಡ ವಿದ್ಯಾಕೇಂದ್ರವಿತ್ತು. ಅಲ್ಲಿ ವೇದಶಾಸ್ತ್ರಗಳ ಅಭ್ಯಾಸ ನಡೆಯುತ್ತಿತ್ತೆಂಬುದಕ್ಕೆ ಶಾಸನಗಳ ಸಾಕ್ಷಿಯಿದೆ. ಅಂತಹ ವಿದ್ಯೆ ಗೌರವಾರ್ಹವಾದುದೇ. ಆದರೆ ಒಂದು ಶತಮಾನದ ಅನಂತರ ಕಲ್ಯಾಣದಲ್ಲಿ ಕೂಡಿದ ಶರಣರು ವಿದ್ಯೆಗೆ ಇನ್ನೊಂದು ಪ್ರಶ್ನೆಯನ್ನು ಹಾಕಿದರು: ಓದಿದವನು ತನ್ನನ್ನು ಓದಿಕೊಂಡನೇ? ಅಲ್ಲಮಪ್ರಭುಗಳು ತನ್ನನ್ನು ತಾನು ಅರಿಯುವ ಆ ಅರಿವಿಗೇ ಗುರುವಿನ ಪೀಠವನ್ನು ಕೊಟ್ಟುದು ಇದಕ್ಕಾಗಿಯೇ.

ಮನುಷ್ಯನ ಮಗು ಒಂದೂವರೆ ವರ್ಷದಿಂದ ಎರಡು ವರ್ಷದೊಳಗೆ ಕನ್ನಡಿಯಲ್ಲಿ ತನ್ನನ್ನು ಗುರುತಿಸಿಕೊಳ್ಳುತ್ತದೆ. ಮೂಗಿಗೆ ಬಣ್ಣ ಹಚ್ಚಿ ಕನ್ನಡಿಯ ಮುಂದೆ ಕೂರಿಸಿದರೆ ಅದು ತನ್ನ ಮೂಗನ್ನೇ ಮುಟ್ಟಿಕೊಳ್ಳುವುದು. ತಾಯಿ ಹಿಗ್ಗುವಳು. ಆದರೆ ಆ ವಯಸ್ಸಿಗೆ ಗುರುತು ಸಿಕ್ಕಿದ್ದು ಮುಖದ್ದು ಮಾತ್ರ. ಮನಸ್ಸಿನ ಮೇಲೆ ಹತ್ತಿದ ಕಲೆಯನ್ನು ಮುಟ್ಟಿಕೊಳ್ಳಲು ಅರುವತ್ತು ವರ್ಷವೂ ಸಾಲದೆ ಹೋಗುವುದುಂಟು. ಆಣವ, ಮಾಯಾ, ಕಾರ್ಮಿಕಗಳೆಂಬ ಮಲತ್ರಯವು ಹಣೆಯ ಮೇಲೆ ಹಚ್ಚಿದ ಬಣ್ಣದಂತೆ. ಹೊತ್ತವನಿಗೆ ಕಾಣದು, ಎದುರಿನವನಿಗೆ ಕಾಣುವುದು. ಎದುರಿನವನು ಅದನ್ನು ತೋರಿಸಿದರೆ ಹೊತ್ತವನು ತನ್ನ ಹಣೆಯನ್ನು ಒರಸಿಕೊಳ್ಳುವುದಿಲ್ಲ. ಕನ್ನಡಿಯನ್ನೇ ಒಡೆಯಲು ಹೋಗುತ್ತಾನೆ.

ಇಲ್ಲೊಂದು ದೃಷ್ಟಾಂತವನ್ನು ಭಾವಿಸಿಕೊಳ್ಳಬಹುದು. ಕಾಗಿಣಾ ನದಿಯ ದಂಡೆಯ ಒಂದು ಊರು. ಅಲ್ಲಿ ಇಬ್ಬರು ಅಣ್ಣತಮ್ಮಂದಿರು. ತಂದೆ ಬದುಕಿರುವಾಗಲೇ ಹೊಲ ಪಾಲಾಗಿದೆ. ತೊಗರಿಯ ಹೊಲದ ಬದುವಿನ ಎರಡು ಮೊಳ ನೆಲಕ್ಕಾಗಿ ಇಬ್ಬರಿಗೂ ಮಾತು ನಿಂತು ಏಳು ವರ್ಷ. ಅಣ್ಣನು ನಿತ್ಯ ಲಿಂಗಪೂಜೆ ತಪ್ಪಿಸದವನು. ಶ್ರಾವಣದಲ್ಲಿ ಮಠದ ಪುರಾಣಕ್ಕೆ ಎಲ್ಲರಿಗಿಂತ ಮೊದಲು ಹೋಗಿ ಕೂಡುವವನು. ವಚನ ಕೇಳುವಾಗ ಒಳ್ಳೆಯ ಮಾತು ಬಂದರೆ, ಇದನ್ನು ತಮ್ಮನು ಕೇಳಬೇಕಾಗಿತ್ತು ಎಂದು ಪಕ್ಕದವನ ಕಿವಿಯಲ್ಲಿ ಹೇಳುವವನು. ಮಗಳ ಮದುವೆಗೆಂದು ತಂದ ಅಲಮಾರಿಯ ಬಾಗಿಲಿಗೆ ಆಳೆತ್ತರದ ಕನ್ನಡಿ. ಅದನ್ನು ಪಡಸಾಲೆಯಲ್ಲಿ ಇಳಿಸಿದ ದಿನ ಮನೆಯ ನಾಯಿ ಕನ್ನಡಿಯ ನಾಯಿಯೊಡನೆ ಜಗಳಕ್ಕೆ ನಿಂತಿತು. ಅಣ್ಣನು ಅದೇ ಪಡಸಾಲೆಯಲ್ಲಿ ಕುಳಿತು, ಬಂದ ಬೀಗರಿಗೆ ತಮ್ಮನ ಗುಣಗಳನ್ನು ವರ್ಣಿಸುತ್ತಿದ್ದನು: ಎರಡು ಮೊಳ ನೆಲದ ಆಸೆಗೆ ಒಡಹುಟ್ಟಿದವರನ್ನು ಮರೆತವನು, ತಂದೆಯ ಮುಪ್ಪನ್ನೂ ನೋಡದವನು, ಸೋಲಲಾರದವನು.

ಮೊಮ್ಮಗನು ಓಡಿಬಂದು ಮುದುಕನನ್ನು ಕೇಳಿದನು: “ಮುತ್ಯಾ, ಅದ್ಯಾಕ ಹಂಗ ಬೊಗಳಲತ್ತದ?”

ಮುದುಕನು ಕಣ್ಣೆತ್ತಿ ಮಗನ ಕಡೆಗೊಮ್ಮೆ, ನಾಯಿಯ ಕಡೆಗೊಮ್ಮೆ ನೋಡಿ ಮೆಲ್ಲನೆ ಹೇಳಿದನು: “ಅಲ್ಲಿ ಇರೋದು ತಾನೇ ಅಂತ ಅದಕ ಗೊತ್ತಿಲ್ಲಪಾ.”

ಮಾತು ಮಗುವಿಗೆ ಹೇಳಿದ್ದು, ನಾಟಿದ್ದು ಬೇರೆಡೆ. ಅಣ್ಣನ ಮಾತು ಅರ್ಧಕ್ಕೇ ನಿಂತಿತು. ತಮ್ಮನ ಮೇಲೆ ಹೊರಿಸಿದ ಒಂದೊಂದು ದೋಷವನ್ನೂ ತಿರುಗಿಸಿ ನೋಡಿದನು. ಎರಡು ಮೊಳ ನೆಲಕ್ಕೆ ಒಡಹುಟ್ಟಿದವನನ್ನು ಮರೆತವರು ಯಾರು? ಒಬ್ಬನೇ ಮರೆತರೆ ಏಳು ವರ್ಷ ಜಗಳ ನಡೆಯುವುದೇ? ತಂದೆಯ ಮುಪ್ಪಿಗೆ ಬೇಕಾದದ್ದು ಇಬ್ಬರು ಮಕ್ಕಳ ಒಂದು ಪಂಕ್ತಿಯಲ್ಲವೇ? ಮರುದಿನ ಬೆಳಗಿನಲ್ಲಿ ಅವನು ಲಿಂಗವನ್ನು ಕರಸ್ಥಲದಲ್ಲಿ ಇಟ್ಟುಕೊಂಡು ಕುಳಿತಾಗ ಮನಸ್ಸು ನಿಲ್ಲಲಿಲ್ಲ. ಪೂಜೆ ಮುಗಿಸಿ ಎದ್ದು ತಮ್ಮನ ಮನೆಯ ಬಾಗಿಲಿಗೆ ಹೋದನು. ಆ ದಿನ ಬಾಗಿಲು ತೆರೆಯಲಿಲ್ಲ. ಒಳಗಿನಿಂದ ಬಿರುಸಾದ ಮಾತೇ ಬಂತು. ಹಿಂದಾಗಿದ್ದರೆ ಆ ಮಾತಿಗೆ ಎರಡು ಮಾತು ಸೇರಿಸಿ ಬರುತ್ತಿದ್ದವನು, ಇದೂ ತನ್ನದೇ ದನಿ ಎಂದು ಕೇಳಿಸಿಕೊಂಡು ಮರಳಿದನು. ಮತ್ತೆ ಹೋದನು. ಬದುವಿನ ಕಲ್ಲು ಎಲ್ಲಿ ನಿಂತಿತೆಂಬುದು ಈ ದೃಷ್ಟಾಂತಕ್ಕೆ ಬೇಕಾದ ಸಂಗತಿಯಲ್ಲ. ಬೇಕಾದ ಸಂಗತಿ ಇಷ್ಟೇ: ಕನ್ನಡಿಯ ಮುಂದೆ ಬೊಗಳಿದ ನಾಯಿಗೆ ಮೂರು ದಿನದಲ್ಲಿ ಸಾಕಾಯಿತು, ಅದರ ಎದುರಿನಲ್ಲಿಯೇ ನಿದ್ರೆ ಹೋಯಿತು, ಮನುಷ್ಯನಿಗೆ ಸಾಕಾಗಲು ಏಳು ವರ್ಷ ಬೇಕಾಯಿತು.

ವಚನವೆಂಬುದು ಕನ್ನಡಿ. ಅದನ್ನು ಕಿಟಕಿಯೆಂದು ತಿಳಿದು ಅದರ ಮೂಲಕ ಬೀದಿಯವರನ್ನು ನೋಡುವುದೇ ಶ್ರವಣಕ್ಕೆ ಬಂದ ದೊಡ್ಡ ದೋಷ. ಲೋಕದ ಕೊಂಕನ್ನು ತಿದ್ದಹೊರಟವರಿಗೆ ಬಸವಣ್ಣನವರು ಮೊದಲು ಸ್ವಂತ ಮೈಮನಗಳ ಕಡೆಗೆ ತಿರುಗಿರೆಂದು ತಿಳಿಹೇಳಿದ ವಚನ ಎಲ್ಲರ ಬಾಯಲ್ಲಿದೆ. ವಿಚಿತ್ರವೆಂದರೆ, ಆ ವಚನವನ್ನು ಕೂಡ ಪರರನ್ನು ತಿದ್ದುವುದಕ್ಕೇ ಹೆಚ್ಚಾಗಿ ಬಳಸಲಾಗುತ್ತದೆ. ಪುರಾಣ ಮುಗಿದು ಮನೆಗೆ ಮರಳುವಾಗ, ಈ ದಿನ ಕೇಳಿದುದರಲ್ಲಿ ಯಾವ ಮಾತು ತನಗೆ ಚುಚ್ಚಿತು ಎಂದು ಒಮ್ಮೆ ಕೇಳಿಕೊಂಡರೆ ಸಾಕು. ಯಾವ ಮಾತೂ ಚುಚ್ಚದೆ, ಎಲ್ಲ ಮಾತುಗಳೂ ನೆರೆಮನೆಗೆ ಹೊಂದಿದರೆ, ಆ ದಿನ ಶ್ರವಣವಾಗಲಿಲ್ಲ. ಕನ್ನಡಿಯ ಹಿಂದೆ ಹೋಗಿ ಗೋಡೆಯನ್ನು ಮೂಸಿದಂತಾಯಿತು.

ಗಣಿಯಿಂದ ಆಗತಾನೆ ಎತ್ತಿದ ಒರಟು ಪರಸಿಯಲ್ಲಿ ಯಾರ ಮುಖವೂ ಕಾಣುವುದಿಲ್ಲ. ಕಲ್ಲು ಅದೇ, ಬೆಳಕೂ ಅದೇ. ಉಬ್ಬುತಗ್ಗುಗಳ ಮೇಲೆ ಬಿದ್ದ ಬೆಳಕು ದಿಕ್ಕಿಗೊಂದಾಗಿ ಚೆದರಿ ಹೋಗುವುದರಿಂದ ಬಿಂಬ ಮೂಡದು. ಅದೇ ಕಲ್ಲನ್ನು ನೀರು ಹಾಕಿ ತಿಕ್ಕಿ, ಮತ್ತೆ ತಿಕ್ಕಿ ನುಣುಪು ಮಾಡಿದರೆ ದೀಪದ ಕುಡಿಯೂ ಅದರಲ್ಲಿ ನಿಲ್ಲುವುದು. ಹೊಸದಾಗಿ ಏನನ್ನೂ ಕಲ್ಲಿಗೆ ಸೇರಿಸಿದ್ದಲ್ಲ. ಒರಟುತನವನ್ನು ಕಳೆದದ್ದು ಅಷ್ಟೇ. ಮನಸ್ಸಿನ ಸಂಗತಿಯೂ ಹೀಗೆಯೇ. ಆಚಾರಗಳೈದೂ ತಿಕ್ಕುವ ಕಲ್ಲುಗಳು. ಕಾಯಕವೂ ದಾಸೋಹವೂ ಅದಕ್ಕೆ ಹಾಕುವ ನೀರು. ನೀರಿಲ್ಲದೆ ತಿಕ್ಕಿದರೆ ಕಲ್ಲು ಕಾದು ಗೀರು ಬೀಳುವುದು. ದಾಸೋಹಭಾವವಿಲ್ಲದೆ ಹಿಡಿದ ಕಟ್ಟಾಚಾರವು ಗರ್ವದ ಗೀರನ್ನೇ ಎಳೆಯುವುದು. ಒಂದು ಸಲ ತಿಕ್ಕಿದರೂ ಆಗದು. ಸಿಮೆಂಟಿನ ಕಾರ್ಖಾನೆಗಳಿಗೆ ಹೆಸರಾದ ವಾಡಿಯ ಗೃಹಿಣಿಗೆ ಯಾರೂ ಹೇಳಿಕೊಡಬೇಕಾಗಿಲ್ಲ: ನಿನ್ನೆ ಒರಸಿದ ಕನ್ನಡಿಯನ್ನು ಇಂದೂ ಒರಸಬೇಕು.

ಈ ಅರಿವಿಗಾಗಿಯೇ ಶರಣಧರ್ಮವು ಭಕ್ತನ ಅಂಗೈಗೆ ಇಷ್ಟಲಿಂಗವನ್ನು ಕೊಟ್ಟಿತು. ಗುಡಿಯ ದೇವರು ದೂರದಲ್ಲಿದ್ದಾನೆ. ಅವನ ಮುಂದೆ ನಿಂತವನು ಬೇಡಿ ಬರಬಹುದು, ತನ್ನನ್ನು ನೋಡಿಕೊಳ್ಳದೆಯೂ ಬರಬಹುದು. ಕರಸ್ಥಲದ ಲಿಂಗವು ಕಣ್ಣಿನ ಹತ್ತಿರವೇ ಇದೆ. ಅದರ ನುಣುಪಾದ ಕಪ್ಪು ಹೊರಮೈಯಲ್ಲಿ ದೀಪದ ಬೆಳಕು ಒಂದು ಬಿಂದುವಾಗಿ ಹೊಳೆಯುತ್ತದೆ. ರೆಪ್ಪೆ ಮಿಡಿಯದೆ ದೃಷ್ಟಿಯಿಟ್ಟು ಕುಳಿತವನಿಗೆ ಆ ಹೊಳಪಿನೊಳಗೆ ನೋಡುವವನ ನೆರಳೂ ಕಿರಿದಾಗಿ ತೋರುವುದು. ಇಲ್ಲಿ ಎರಡು ದಾರಿಗಳು ಒಡೆಯುತ್ತವೆ. ಆ ಕಿರಿಯ ನೆರಳನ್ನೇ ಹಿಡಿದುಕೊಂಡವನು ತನ್ನನ್ನೇ ಪೂಜಿಸಿ ಏಳುತ್ತಾನೆ. ತಾನು ಪೂಜಾನಿಷ್ಠನೆಂಬ ಗರ್ವವೇ ಅವನಿಗೆ ದೊರೆತ ಪ್ರಸಾದ. ನೆರಳನ್ನು ದಾಟಿ ಬೆಳಕಿನ ಬಿಂದುವಿನಲ್ಲಿ ದೃಷ್ಟಿ ನೆಟ್ಟವನಿಗೆ ಮೊದಲು ತನ್ನ ಮುಖ ಮರೆಯಾಗುವುದು, ಆಮೇಲೆ ತನ್ನ ಹೆಸರು, ಆಮೇಲೆ ತನ್ನ ಹೊಲ ಮನೆಗಳ ಲೆಕ್ಕ. ಕೊನೆಗೆ ನೋಡುವವನು, ನೋಟ, ನೋಡಲ್ಪಡುವುದು ಎಂಬ ಮೂರರ ಎಡೆ ಕರಗಿದ ನಿಲವನ್ನೇ ಲಿಂಗಾಂಗ ಸಾಮರಸ್ಯವೆಂದರು. ಭಕ್ತಸ್ಥಲದಿಂದ ಐಕ್ಯಸ್ಥಲದವರೆಗಿನ ಆರು ಮೆಟ್ಟಿಲುಗಳೂ ಈ ಒಂದು ನೋಟವು ಕ್ರಮವಾಗಿ ಆಳಕ್ಕಿಳಿಯುವ ಹಂತಗಳೇ.

ಆದರೆ ಅಂಗೈಯ ನೋಟವು ಅಂಗಳಕ್ಕೆ ಬರದಿದ್ದರೆ ಅದು ಸಾಧನೆಯಲ್ಲ. ಕನ್ನಡಿ ನೋಡಿಕೊಳ್ಳುವವರನ್ನು ಕರೆದು ಬಸವಣ್ಣನವರು ಜಂಗಮದ ಕಡೆಗೆ ಕಣ್ಣು ಹೊರಳಿಸಲು ಹೇಳಿದ ಮರ್ಮ ಇದು. ಎದುರಿಗೆ ಬಂದ ಜೀವದಲ್ಲಿ ಲಿಂಗವನ್ನು ಕಾಣಬಲ್ಲವನಿಗೆ ಗಾಜಿನ ಕನ್ನಡಿ ಬೇಕಾಗದು. ರಾತ್ರಿಯ ಹೊತ್ತು ವಾಡಿ ಜಂಕ್ಷನ್ನಿನಲ್ಲಿ ನಿಂತ ರೈಲಿನೊಳಗೆ ಉಜ್ಜ್ವಲವಾದ ದೀಪ ಉರಿಯುತ್ತಿದ್ದು ಹೊರಗೆ ಕತ್ತಲೆಯಿದ್ದರೆ, ಕಿಟಕಿಯ ಗಾಜಿನಲ್ಲಿ ಪ್ರಯಾಣಿಕನಿಗೆ ತನ್ನ ಮುಖವೇ ಕಾಣುವುದು. ಆಚೆ ನಿಂತು ಚಹ ಮಾರುವವನೂ ಮೂಟೆ ಹೊರುವವನೂ ಕಾಣುವುದಿಲ್ಲ. ಒಳಗಿನ ದೀಪ ತಣಿದೊಡನೆ ಆಚೆಯವರು ಕಾಣಿಸಿಕೊಳ್ಳುತ್ತಾರೆ. ನಾನೆಂಬ ದೀಪ ಅತಿಯಾಗಿ ಉರಿಯುತ್ತಿರುವವನ ಸ್ಥಿತಿಯೂ ಅದೇ. ಲೋಕವೆಲ್ಲ ಅವನಿಗೆ ತನ್ನ ಮುಖ. ಬಾಗಿಲಲ್ಲಿ ನಿಂತ ಬಡವನು ಮಾತ್ರ ಕಾಣನು.

ಇಲ್ಲಿಗೆ ಮೂರು ನಿಲವುಗಳು ಸ್ಪಷ್ಟವಾದವು. ನಾಯಿ ತನ್ನನ್ನೇ ಕಂಡು ಅನ್ಯನೆಂದು ಬಗೆಯುತ್ತದೆ. ಸಂಸಾರಿಯು ತನ್ನನ್ನು ತಾನೆಂದೂ ಅನ್ಯನನ್ನು ಅನ್ಯನೆಂದೂ ಬಗೆಯುತ್ತಾನೆ. ಶರಣನು ಅನ್ಯನನ್ನು ಕಂಡು ತಾನೆಂದು ಬಗೆಯುತ್ತಾನೆ. ಕಳ್ಳರು ಆಕಳುಗಳನ್ನು ಹೊಡೆದುಕೊಂಡು ಹೋದಾಗ, ತಾಯಿಯಿಲ್ಲದೆ ಕರುಗಳು ಬಳಲುವವೆಂದು ಅವನ್ನೂ ಹಿಂದೆಯೇ ಕಳುಹಿಸಿದ ಬಸವಣ್ಣನವರ ಕಥೆ ಪರಂಪರೆಯಲ್ಲಿ ಪ್ರಸಿದ್ಧವಾಗಿದೆ. ಕದ್ದವನಲ್ಲಿಯೂ ಉಣ್ಣುವವನಲ್ಲಿಯೂ ಅವರು ಕಂಡದ್ದು ಒಬ್ಬನೇ ಸಂಗಮನಾಥನನ್ನು. ಬಾಗಿಲಿಗೆ ಬಂದವನನ್ನು ಯಾರವನೆಂದು ಕೇಳದೆ ತಮ್ಮವನೆಂದು ಒಳಗೆ ಕರೆಯಬೇಕೆಂಬ ಅವರ ಬೋಧೆ ಬಾಯಿಮಾತಾಗಿರಲಿಲ್ಲ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯರನ್ನು ತಮ್ಮ ಬಂಧುಗಳೆಂದು ಎಣಿಸಿದುದು ಆ ಅರಿವಿನ ಫಲ. ಈ ಅರಿವಿಗೆ ಈ ಸೀಮೆಯಲ್ಲಿ ಇನ್ನೂ ಹಳೆಯ ಬೇರಿದೆ. ಸೇಡಂ ತಾಲೂಕಿನ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟ. 9ನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ಪರರ ವಿಚಾರವನ್ನೂ ಪರರ ಧರ್ಮವನ್ನೂ ಸಹಿಸಬಲ್ಲ ಶಕ್ತಿಯನ್ನೇ ನಿಜವಾದ ಸಂಪತ್ತೆಂದು ಎತ್ತಿಹಿಡಿಯಿತು. ಸೈರಣೆಯಿಂದ ಆರಂಭವಾದ ಆ ದಾರಿ ಕಲ್ಯಾಣದಲ್ಲಿ ಒಂದಾಗುವಿಕೆಯವರೆಗೆ ಮುಂದುವರಿಯಿತು.

ಇಂದಿನ ಸದ್ಭಕ್ತರು ತಮ್ಮ ಮನೆಯ ಬಾಗಿಲಲ್ಲಿ ಈ ವಿಚಾರವನ್ನು ಒರೆಹಚ್ಚಿ ನೋಡಬೇಕು. ಲಿಂಗಧಾರಣೆಯಾಗಿದೆ, ವಿಭೂತಿಯಿದೆ, ವಚನಗಳು ಬಾಯಿಪಾಠವಾಗಿವೆ. ಕೇರಿಯಿಂದ ಬಂದ ಆಳು ಕಟ್ಟೆಯ ಕೆಳಗೆ ನಿಂತೇ ನೀರು ಕುಡಿದು ಹೋಗುವನೇ, ಪಡಸಾಲೆಯಲ್ಲಿ ಕುಳಿತು ಕುಡಿಯುವನೇ? ಅವನನ್ನು ಕಂಡೊಡನೆ ಒಳಗಿನಿಂದ ಏಳುವ ದನಿ ಯಾವುದು? ಆ ದನಿಯಲ್ಲಿ ಗುರುಗುಟ್ಟುವಿಕೆ ಇದ್ದರೆ, ಪಲ್ಲಕ್ಕಿಯ ಮೇಲಿನ ಪ್ರಾಣಿ ಇನ್ನೂ ಇಳಿದಿಲ್ಲವೆಂದೇ ಅರ್ಥ. ಬೇರೆಯವರನ್ನು ಬಯ್ಯುವಾಗ ನಾಯಿಯ ಹೆಸರನ್ನು ಬಳಸುವ ನಾಲಗೆಯೂ ಒಮ್ಮೆ ತಡೆದುಕೊಳ್ಳಲಿ. ಆ ಪ್ರಾಣಿ ಉಂಡ ಮನೆಯನ್ನು ಮರೆಯುವುದಿಲ್ಲ. ತನ್ನ ಮೈಯೇ ಅಡ್ಡಿಯಾದಾಗ ಪಕ್ಕಕ್ಕೆ ಸರಿಯಬಲ್ಲುದು. ತನ್ನ ವಾಸನೆಯಲ್ಲಿ ಅನ್ಯವಾದುದು ಬೆರೆತರೆ ಕೂಡಲೇ ಅರಿಯಬಲ್ಲುದು. ಚಿಂಚೋಳಿಯ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ಅಲ್ಲಿ ಅಲೆಯುವ ತೋಳವು ನಾಯಿಯ ಹತ್ತಿರದ ಬಳಗ. ಮನುಷ್ಯನನ್ನು ನಂಬಿ ಕಾಡು ತೊರೆದು ಬಂದ ಈ ಜೀವಕ್ಕೆ ಒಂದು ತುತ್ತನ್ನೂ ಒಂದು ಬಟ್ಟಲು ನೀರನ್ನೂ ಕೊಡುವುದು ದಾಸೋಹದ ಹೊರಗಿನ ಸಂಗತಿಯಲ್ಲ.

ಗೃಹಸ್ಥರು ದಿನದ ಕೊನೆಗೆ ಮಾಡಬಹುದಾದ ಸುಲಭವಾದ ಸಾಧನೆಯೊಂದಿದೆ. ಮಲಗುವ ಮೊದಲು ಲಿಂಗವನ್ನು ಕರಸ್ಥಲದಲ್ಲಿಟ್ಟುಕೊಂಡು, ಈ ದಿನ ಯಾರ ಮೇಲೆ ಸಿಟ್ಟು ಬಂತೆಂದು ನೆನೆಯುವುದು. ಅವರಲ್ಲಿ ಕಂಡ ದೋಷದ ಹೆಸರನ್ನು ಮನಸ್ಸಿನಲ್ಲಿಯೇ ಹೇಳಿಕೊಳ್ಳುವುದು. ಆಮೇಲೆ ಆ ಹೆಸರನ್ನು ತನ್ನ ಹೆಸರಿನ ಪಕ್ಕದಲ್ಲಿಟ್ಟು, ಹೊಂದುವುದೇ ಎಂದು ನೋಡುವುದು. ಪರರ ದೋಷ ಎಲ್ಲ ಸಲವೂ ಬರಿಯ ನೆರಳಾಗಿರದು; ಅನ್ಯಾಯ ಮಾಡುವವರು ಲೋಕದಲ್ಲಿ ಇದ್ದೇ ಇದ್ದಾರೆ, ಅವರನ್ನು ಎದುರಿಸುವ ಗಣಾಚಾರವೂ ಧರ್ಮವೇ. ಆದರೆ ಮೊದಲು ಕನ್ನಡಿಯನ್ನು ಒರಸಿಕೊಂಡವನ ಗಣಾಚಾರವು ಧರ್ಮವಾಗುವುದು, ಒರಸಿಕೊಳ್ಳದವನದು ಬೊಗಳುವಿಕೆಯಾಗುವುದು. ಹತ್ತು ದಿನ ಹೀಗೆ ನೋಡಿಕೊಂಡವನ ಮನೆಯಲ್ಲಿ ಮಾತಿನ ಬಿಸಿ ಸ್ವಲ್ಪವಾದರೂ ಇಳಿಯದಿರದು.

ಕನ್ನಡಿಯಲ್ಲಿ ತನ್ನನ್ನು ಕಂಡು ಹಗೆಯೆಂದು ಬೊಗಳುವ ಕಾಲ ಮುಗಿಯಲಿ. ಎದುರಿಗೆ ಬಂದ ಜೀವದಲ್ಲಿ ತನ್ನನ್ನೂ, ತನ್ನಲ್ಲಿ ಲಿಂಗವನ್ನೂ, ಲಿಂಗದಲ್ಲಿ ಎಲ್ಲವನ್ನೂ ಕಾಣುವ ಕಣ್ಣು ಪ್ರತಿಯೊಂದು ಮನೆಯಲ್ಲಿಯೂ ತೆರೆಯಲಿ. ಬಸವಾದಿ ಪ್ರಮಥರ ಕೃಪೆಯು ಸರ್ವರಿಗೂ ಆ ಅರಿವನ್ನು ದಯಪಾಲಿಸಲಿ.

ಓಂ ಶಾಂತಿಃ ಶಾಂತಿಃ ಶಾಂತಿಃ